ಸೂಜಿಮೆತ್ತೆಯ ಒಳಗೆ ಏನನ್ನು ತುಂಬಬೇಕು?

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ಸ್ತ್ರೀವಿದ್ಯಾಭ್ಯಾಸದ ಉದ್ದೇಶ, ಗೃಹಿಣಿಯ ಕರ್ತವ್ಯ ಮುಂತಾದ ಘನವಾದ ವಿಷಯಗಳು ನಮ್ಮ ಮನಸ್ಸಿಗೆ ಬಾರದೆ ಇರಲಿಲ್ಲ. ಆದರೆ ಅವುಗಳನ್ನು ಕುರಿತು ನಮಗಿಂತ ಚೆನ್ನಾಗಿ ಬರೆಯಬಲ್ಲವರು ಬಹುಮಂದಿ ಇದ್ದಾರೆ. ಹೊಲಿಗೆಯ ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿರುವ ಸೂಜಿಮೆತ್ತೆಯನ್ನು ಕುರಿತು ಬರೆಯುವವರು ಮಾತ್ರ ಯಾರೂ ಇಲ್ಲ. ಪಿನ್ ಕುಷನ್ ಎಂದು ನಮ್ಮ ವಿದ್ಯಾರ್ಥಿನಿಯರು ಕರೆಯುವ ಆ ಅಂಗೈಯಗಲದ ವಸ್ತುವಿನ ಮೇಲಣ ಬಟ್ಟೆ ಯಾವುದು, ಅದರ ಮೇಲೆ ಯಾವ ಹೂವನ್ನು ಕಸೂತಿ ಮಾಡಬೇಕು ಎಂಬುದನ್ನು ಎಲ್ಲರೂ ಯೋಚಿಸುವರು. ಒಳಗೆ ಏನನ್ನು ತುಂಬಬೇಕು ಎಂಬುದನ್ನು ಯೋಚಿಸುವವರು ಕಡಿಮೆ. ನಾವೂ ಒಂದು ಕಾಲದಲ್ಲಿ ಯೋಚಿಸಿರಲಿಲ್ಲ. ಅದರಿಂದ ಒಬ್ಬ ಹುಡುಗಿಗೆ ಉಂಟಾದ ನಷ್ಟವನ್ನು ಮೊದಲು ಹೇಳಿ, ಆಮೇಲೆ ವಿಷಯಕ್ಕೆ ಬರುವೆವು.

ನಾವು ಮುಖ್ಯೋಪಾಧ್ಯಾಯಿನಿಯಾಗುವುದಕ್ಕೆ ಮುಂಚೆ ಹೊಲಿಗೆಯ ತರಗತಿಯನ್ನು ತೆಗೆದುಕೊಳ್ಳುತ್ತಿದ್ದೆವು. ಒಂದು ವರ್ಷ ಹೊಲಿಗೆಯ ತರಗತಿಯವರೆಲ್ಲರೂ ಸೂಜಿಮೆತ್ತೆಗಳನ್ನು ಮಾಡಿದರು. ತುಂಬುವುದಕ್ಕೆ ಖರ್ಚಿಲ್ಲದ ವಸ್ತು ಬೇಕಾಗಿತ್ತು. ಹೊಸದುರ್ಗದ ಕಡೆಯಿಂದ ಬರುವ ಹುಡುಗಿಯರಿಗೆ ತೆಂಗಿನ ನಾರಿನ ಪುಡಿಗೆ ಕೊರತೆಯಿರಲಿಲ್ಲ. ಪೇಟೆಯ ಬಡಗಿಯ ಅಂಗಡಿಯಲ್ಲಿ ಮರ ಕೊಯ್ದ ಹೊಟ್ಟು ರಾಶಿಯಾಗಿ ಬಿದ್ದಿತ್ತು. ಎರಡನ್ನೂ ಸಮನಾಗಿ ಬೆರೆಸಿ ತುಂಬಿರೆಂದು ನಾವೇ ಹೇಳಿದೆವು. ಮೆತ್ತೆಗಳು ನೋಡುವುದಕ್ಕೆ ಬಹಳ ಅಂದವಾಗಿದ್ದುವು.

ಆ ತರಗತಿಯಲ್ಲಿ ಹಾಲುರಾಮೇಶ್ವರದ ಕಡೆಯ ಹುಡುಗಿಯೊಬ್ಬಳಿದ್ದಳು. ಆಕೆಯ ತಾಯಿ ಊರಿನಲ್ಲಿ ರವಿಕೆಗಳನ್ನೂ ಮಕ್ಕಳ ಅಂಗಿಗಳನ್ನೂ ಹೊಲಿದು ಸಂಸಾರವನ್ನು ನಡೆಸುತ್ತಿದ್ದರು. ಮಳೆಗಾಲದ ರಜೆಯಲ್ಲಿ ಹುಡುಗಿಯು ತನ್ನ ಹೊಸ ಮೆತ್ತೆಯನ್ನು ಮನೆಗೆ ಒಯ್ದು ತಾಯಿಗೆ ಕೊಟ್ಟಳು. ತಾಯಿ ತಮ್ಮ ಸೂಜಿಗಳನ್ನೆಲ್ಲ ಅದರಲ್ಲಿ ಚುಚ್ಚಿಟ್ಟು, ಹತ್ತು ದಿನಗಳ ಮೇಲೆ, ಮದುವೆಯ ಮನೆಯವರು ಹೊಲಿಯಲು ಕೊಟ್ಟಿದ್ದ ಬಿಳಿಯ ಬಟ್ಟೆಯ ಕೆಲಸಕ್ಕೆ ಆ ಸೂಜಿಯನ್ನೇ ತೆಗೆದುಕೊಂಡರು. ಅಂಚು ಮಡಿಸಿ ಹೊಲಿದಷ್ಟು ದೂರವೂ ಕಂದು ಬಣ್ಣದ ಚುಕ್ಕೆಗಳು ಸಾಲಾಗಿ ನಿಂತುವು. ಬಟ್ಟೆಯ ಬೆಲೆಯನ್ನು ಅವರೇ ಕೊಡಬೇಕಾಯಿತು. ಅದಕ್ಕಿಂತ ಹೆಚ್ಚಾಗಿ, ಆ ಮನೆಯವರು ಮತ್ತೆ ಕೆಲಸ ಕೊಡಲಿಲ್ಲ.

ರಜೆ ಮುಗಿದು ಬಂದ ಹುಡುಗಿ ಇದನ್ನು ಹೇಳಿದಾಗ ನಾವು ಮಾಡಿದುದೇನು? "ಒದ್ದೆ ಕೈಯಲ್ಲಿ ಸೂಜಿ ಮುಟ್ಟಿದ್ದೀರಿ" ಎಂದು ಆಕೆಯನ್ನೇ ಗದರಿಸಿದೆವು. ಆಕೆ ಎದುರು ಮಾತಾಡಲಿಲ್ಲ; ಮೆತ್ತೆಯನ್ನು ನಮ್ಮ ಮೇಜಿನ ಮೇಲೆ ಇಟ್ಟು ಹೋದಳು. ಸಂಜೆ ಅದರ ಹೊಲಿಗೆಯನ್ನು ಬಿಚ್ಚಿ ನೋಡಿದೆವು. ಒಳಗಿನ ಪುಡಿ ಕೈಗೆ ತಣ್ಣಗೆ ಹತ್ತಿತು. ಹಿಂಡಿದರೆ ಉಂಡೆಯಾಗಿ ನಿಂತಿತು. ಒಳಗೆ ಮುರಿದು ಉಳಿದಿದ್ದ ಒಂದು ಸೂಜಿಯ ತುಂಡು ಕಪ್ಪಾಗಿಯೂ ಕೆಂಪಾಗಿಯೂ ಇತ್ತು. ತಪ್ಪು ತಾಯಿಯದಲ್ಲ, ಮಗಳದೂ ಅಲ್ಲ, ಕಲಿಸಿದ ನಮ್ಮದೆಂದು ಆಗ ತಿಳಿಯಿತು. ಮರುದಿನ ತರಗತಿಯ ಎದುರಿಗೇ ಅದನ್ನು ಒಪ್ಪಿಕೊಂಡೆವು. ಆ ಮೇಲೆ ಈ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳಬೇಕೆಂಬ ಹಟ ಹುಟ್ಟಿತು. ತಿಳಿದುದನ್ನು ಇಲ್ಲಿ ಬರೆಯುತ್ತೇವೆ.

ಸೂಜಿಯ ಬೆಲೆ

ಇಂದು ಸೂಜಿಗಳು ಅಗ್ಗವಾಗಿ ದೊರೆಯುವುದರಿಂದ ಅವುಗಳ ಬೆಲೆ ನಮಗೆ ತಿಳಿಯದು. ಹಿಂದೆ ಯೂರೋಪಿನಲ್ಲಿಯೂ ಸೂಜಿ, ಗುಂಡುಸೂಜಿಗಳು ಕೈಯಿಂದಲೇ ಆಗಬೇಕಾಗಿದ್ದುದರಿಂದ ಅವುಗಳನ್ನು ಜೋಪಾನವಾಗಿ ಇಡುತ್ತಿದ್ದರು. ಅರ್ಥಶಾಸ್ತ್ರಜ್ಞನಾದ ಆಡಮ್ ಸ್ಮಿತ್ತನು 1776ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಗುಂಡುಸೂಜಿಯ ಕೆಲಸವನ್ನು ಸುಮಾರು ಹದಿನೆಂಟು ಭಾಗಗಳಾಗಿ ಹಂಚಿಕೊಂಡ ಹತ್ತು ಮಂದಿ ಒಂದು ದಿನದಲ್ಲಿ 48,000 ಗುಂಡುಸೂಜಿಗಳನ್ನು ಮಾಡಬಲ್ಲರೆಂದು ಲೆಕ್ಕ ಹೇಳಿರುವನು. ಒಬ್ಬೊಬ್ಬನೇ ಬೇರೆಬೇರೆಯಾಗಿ ಮಾಡಿದರೆ ದಿನಕ್ಕೆ ಇಪ್ಪತ್ತನ್ನೂ ಮಾಡಲಾರನೆಂದು ಆತನ ಅಭಿಪ್ರಾಯ. ಹೊಲಿಗೆಯ ಸೂಜಿಗಳಿಗೆ ಇಂಗ್ಲೆಂಡಿನ ರೆಡಿಚ್ ಎಂಬ ಊರು ಹತ್ತೊಂಬತ್ತನೆಯ ಶತಮಾನದಲ್ಲಿ ಲೋಕಪ್ರಸಿದ್ಧವಾಗಿತ್ತು. ಉಕ್ಕಿನ ತಂತಿಯನ್ನು ಕತ್ತರಿಸಿ, ನೆಟ್ಟಗೆ ಮಾಡಿ, ಮೊನೆ ಮಸೆದು, ಕಣ್ಣು ಕೊರೆದು, ಕಾಯಿಸಿ ಗಟ್ಟಿಮಾಡಿ, ಮೆರುಗು ಕೊಟ್ಟ ಮೇಲೆ ಒಂದು ಸೂಜಿಯಾಗುವುದು. ಇಷ್ಟು ಕೈಗಳನ್ನು ದಾಟಿ ಬಂದ ವಸ್ತುವನ್ನು ಒದ್ದೆಯ ಪುಡಿಯಲ್ಲಿ ಹೂತಿಡುವುದು ನ್ಯಾಯವೆ?

ಮೆತ್ತೆಯ ಕರ್ತವ್ಯಗಳು

ತುಂಬುವ ವಸ್ತುವನ್ನು ಆರಿಸುವುದಕ್ಕೆ ಮುಂಚೆ ಮೆತ್ತೆಯಿಂದ ನಮಗೆ ಆಗಬೇಕಾದ ಕೆಲಸವೇನೆಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಒಂದನೆಯದು, ಸೂಜಿ ಸುಲಭವಾಗಿ ಒಳಗೆ ಹೋಗಬೇಕು. ಹೋದ ಮೇಲೆ ಅಲುಗದೆ ನೆಟ್ಟಗೆ ನಿಲ್ಲಬೇಕು. ಎರಡನೆಯದು, ಒಳಗೆ ಇರುವಷ್ಟು ಕಾಲವೂ ಸೂಜಿಗೆ ತುಕ್ಕು ಹಿಡಿಯಬಾರದು. ಮೂರನೆಯದು, ಹುಳ, ಇರುವೆ, ಇಲಿಗಳನ್ನು ಅದು ಕರೆಯಬಾರದು. ನಾಲ್ಕನೆಯದು, ಒಂದು ಕೈಯಿಂದ ಸೂಜಿಯನ್ನು ಎಳೆದಾಗ ಮೆತ್ತೆಯೇ ಎದ್ದು ಬಾರದೆ ಇದ್ದಲ್ಲಿಯೇ ಕುಳಿತಿರಬೇಕು. ಈ ನಾಲ್ಕನ್ನೂ ಒಂದೇ ವಸ್ತು ಪೂರೈಸುವುದು ಕಷ್ಟ. ಆದುದರಿಂದ ಎರಡು ವಸ್ತುಗಳನ್ನು ಬೇರೆಬೇರೆ ಸ್ಥಳದಲ್ಲಿ ಇಡುವುದು ಜಾಣತನವೆಂದು ಮುಂದೆ ತಿಳಿಯುವುದು.

ಇವುಗಳಲ್ಲಿ ಎರಡನೆಯದೇ ಮುಖ್ಯವಾದುದು. ತುಕ್ಕು ಎಂಬುದು ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ ಈ ಮೂರೂ ಸೇರಿದಾಗ ಹುಟ್ಟುವ ವಸ್ತು. ಮೂರರಲ್ಲಿ ಒಂದನ್ನು ತಪ್ಪಿಸಿದರೂ ತುಕ್ಕಿಲ್ಲ. ಸೂಜಿಯಿಂದ ಕಬ್ಬಿಣವನ್ನೂ, ಮೆತ್ತೆಯಿಂದ ಗಾಳಿಯನ್ನೂ ತೆಗೆಯಲಾಗದು, ತಪ್ಪಿಸಬಹುದಾದುದು ನೀರೊಂದೇ. ನೀರಿನೊಡನೆ ಉಪ್ಪು ಅಥವಾ ಹುಳಿ ಸೇರಿದರೆ ತುಕ್ಕು ಬಹು ಬೇಗ ಹಬ್ಬುವುದು. ನಮ್ಮ ಕೈಯ ಬೆವರಿನಲ್ಲಿಯೂ ಉಪ್ಪಿದೆಯಷ್ಟೆ. ಸೂಜಿಗಳಿಗೆ ನಿಕ್ಕಲಿನ ತೆಳ್ಳನೆಯ ಲೇಪವನ್ನು ಕೊಡುವುದುಂಟು. ಹೊಲಿದು ಹೊಲಿದು ಆ ಲೇಪ ಸವೆದ ಕಡೆಯಲ್ಲಿ ಉಕ್ಕು ಬಯಲಾಗಿ ತುಕ್ಕು ಮೊದಲಾಗುವುದು. ಆದುದರಿಂದ ಹಳೆಯ ಸೂಜಿಗೆ ಹೊಸದಕ್ಕಿಂತ ಹೆಚ್ಚು ರಕ್ಷಣೆ ಬೇಕು.

ನಮ್ಮ ಕಡೆಯಲ್ಲಿ ದೊರೆಯುವ ವಸ್ತುಗಳು

ತೆಂಗಿನ ನಾರಿನ ಪುಡಿಯಿಂದ ಪ್ರಾರಂಭಿಸುವೆವು. ಏಕೆಂದರೆ ನಮ್ಮನ್ನು ಮೋಸಗೊಳಿಸಿದುದು ಅದೇ. ಮುಟ್ಟಿದರೆ ಒಣಗಿದಂತೆ, ಹಗುರವಾಗಿ, ಮೆತ್ತಗೆ ಇರುವುದು. ಆದರೆ ಇದು ತನ್ನ ತೂಕಕ್ಕಿಂತ ಎಷ್ಟೋ ಪಾಲು ಹೆಚ್ಚು ನೀರನ್ನು ಹಿಡಿದಿಡಬಲ್ಲುದು. ತೋಟಗಾರರು ಕುಂಡಗಳಲ್ಲಿ ಮಣ್ಣಿಗೆ ಬದಲಾಗಿ ಇದನ್ನು ತುಂಬುವುದು ಈ ಗುಣಕ್ಕಾಗಿಯೇ. ತೊಳೆಯದ ಪುಡಿಯಲ್ಲಿ ಲವಣಗಳೂ ಒಗರಿನ ಅಂಶವೂ ಸೇರಿರುವುವು. ಗಿಡಕ್ಕೆ ಒಳ್ಳೆಯದಾದುದು ಸೂಜಿಗೆ ವಿಷ. ಇದನ್ನು ಎಂದಿಗೂ ತುಂಬಕೂಡದು.

ಮರದ ಹೊಟ್ಟು ಇದಕ್ಕಿಂತ ಮೇಲು. ಅಂಗಡಿಯಲ್ಲಿ ಮಾರುವ ಕೆಂಪು ಟೊಮೇಟೋ ಹಣ್ಣಿನ ಆಕಾರದ ಮೆತ್ತೆಗಳಲ್ಲಿ ಬಹುಕಾಲದಿಂದ ಇದನ್ನೇ ತುಂಬುತ್ತಿದ್ದರು. ಗಟ್ಟಿಯಾಗಿ ತುಂಬಿದರೆ ಸೂಜಿ ನೆಟ್ಟಗೆ ನಿಲ್ಲುವುದು. ಆದರೆ ಯಾವ ಮರದ ಹೊಟ್ಟು ಎಂಬುದನ್ನು ಕೇಳದೆ ತರಬಾರದು. ಜಾಲಿಯಂಥ ಮರಗಳಲ್ಲಿ ಒಗರು ಹೆಚ್ಚು. ಚರ್ಮ ಹದಮಾಡುವವರು ಜಾಲಿಯ ಚಕ್ಕೆಯನ್ನು ಬಳಸುತ್ತಿದ್ದುದು ಇದಕ್ಕಾಗಿಯೇ. ಒಗರು ಕಬ್ಬಿಣಕ್ಕೆ ಸೋಕಿದರೆ ಮಸಿಯಾಗುವುದು. ನಮ್ಮ ಹಿರಿಯರು ಅಳಲೆಕಾಯಿಗೆ ಕಬ್ಬಿಣವನ್ನು ಸೇರಿಸಿ ಬರೆಯುವ ಮಸಿಯನ್ನು ಮಾಡಿಕೊಳ್ಳುತ್ತಿದ್ದುದು ಇದೇ ಗುಣದಿಂದ. ಆ ಮಸಿ ನಮ್ಮ ಬಟ್ಟೆಗೆ ಬೇಡ. ಹಸಿಯ ಮರದಿಂದ ವಿನಿಗರಿನಲ್ಲಿರುವಂಥ ಹುಳಿಯ ಆವಿಯೂ ಹೊರಡುವುದು. ಒಂದು ಚಿಟಿಕೆ ಹೊಟ್ಟನ್ನು ಒದ್ದೆ ಮಾಡಿ ಅದರಲ್ಲಿ ಹೊಸ ಕಬ್ಬಿಣದ ಮೊಳೆಯೊಂದನ್ನು ರಾತ್ರಿಯೆಲ್ಲ ಇಡಿರಿ. ಬೆಳಿಗ್ಗೆ ಹೊಟ್ಟು ಕಪ್ಪಾಗಿದ್ದರೆ ಅದನ್ನು ಒಲೆಗೆ ಹಾಕಿರಿ. ಕಪ್ಪಾಗದಿದ್ದರೆ ಹಳೆಯ, ಚೆನ್ನಾಗಿ ಒಣಗಿದ ಮರದ ಹೊಟ್ಟನ್ನು ಜರಡಿ ಹಿಡಿದು, ಎರಡು ದಿನ ಬಿಸಿಲಿಗೆ ಹಾಕಿ ಉಪಯೋಗಿಸಬಹುದು.

ಹತ್ತಿಯು ನಮ್ಮ ಜಿಲ್ಲೆಯ ಕರಿಯ ನೆಲದ ಬೆಳೆ. 1997ರವರೆಗೆ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ದಾವಣಗೆರೆಯು ಹತ್ತಿಯ ಗಿರಣಿಗಳಿಂದಲೇ ಹೆಸರಾದ ಊರು. ಆದುದರಿಂದ ಮನೆಯಲ್ಲಿ ಮೊದಲು ಕೈಗೆ ಸಿಕ್ಕುವುದು ಅರಳೆ. ಅರಳೆ ಮೆತ್ತಗಿದ್ದರೂ ಸ್ವಲ್ಪ ಕಾಲದಲ್ಲಿ ಗಂಟುಗಟ್ಟಿ ಒಂದು ಮೂಲೆಗೆ ಇಳಿಯುವುದು. ಗಂಟಿಗೆ ಸಿಕ್ಕಿದ ಸಣ್ಣ ಸೂಜಿ ಬಾಗುವುದು. ಗಾಳಿಯ ತೇವವನ್ನು ಹೀರಿ ಸೂಜಿಯ ಮೈಗೆ ಒತ್ತಿಕೊಂಡಿರುವುದು ಅದರ ಎರಡನೆಯ ದೋಷ. ಬೇಸಗೆಯಲ್ಲಿ ಚಿಂತೆಯಿಲ್ಲ, ಮಳೆಗಾಲದಲ್ಲಿ ನಂಬಲಾಗದು. ಹಳೆಯ ಸೀರೆಯ ಚೂರುಗಳನ್ನು ತುರುಕುವುದೂ ರೂಢಿಯಲ್ಲಿದೆ. ಕೌದಿ ಹೊಲಿಯುವುದಕ್ಕೆ ಆ ಚೂರುಗಳು ಅಮೂಲ್ಯ. ಮೆತ್ತೆಯ ಒಳಗಾದರೆ ಮಡಿಕೆಯ ಮೇಲೆ ಮಡಿಕೆಯಾಗಿ ಸೂಜಿಗೆ ದಾರಿ ಕೊಡುವುದಿಲ್ಲ.

ಬೂರುಗದ ಅರಳೆಯನ್ನು ಹತ್ತಿಯೊಡನೆ ಒಂದೇ ಎಂದು ತಿಳಿಯಬಾರದು. ಬೇಸಗೆಯಲ್ಲಿ ಬೂರುಗದ ಕಾಯಿ ಒಡೆದು ಹಾರುವ ಆ ರೇಷ್ಮೆಯಂಥ ಎಳೆ ಒಳಗೆ ಟೊಳ್ಳಾಗಿದ್ದು, ಹೊರಗೆ ಮೇಣದಂಥ ಲೇಪವನ್ನು ಪಡೆದಿರುವುದು. ಆದುದರಿಂದ ನೀರಿನ ಮೇಲೆ ತೇಲುವುದು. ಇದೇ ಜಾತಿಗೆ ಹತ್ತಿರವಾದ ಮರದ ಅರಳೆಯನ್ನು ಹಡಗಿನವರು ಪ್ರಾಣರಕ್ಷಕ ಅಂಗಿಗಳಲ್ಲಿ ತುಂಬುತ್ತಿದ್ದರು. ತುಕ್ಕಿನ ದೃಷ್ಟಿಯಿಂದ ಇದು ಹತ್ತಿಗಿಂತ ಒಳ್ಳೆಯದು. ಆದರೆ ಎಳೆ ಪೆಡಸು. ಬಹು ಕಾಲ ಚುಚ್ಚುತ್ತಿದ್ದರೆ ಪುಡಿಯಾಗಿ ಕುಗ್ಗುವುದು. ತುಂಬುವಾಗ ಮೂಗಿಗೂ ಕಣ್ಣಿಗೂ ಹಾರುವುದರಿಂದ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಬೇಕು; ದೀಪದ ಹತ್ತಿರ ತುಂಬಲೇಕೂಡದು.

ತವಡು, ಅಕ್ಕಿ, ರಾಗಿ ಮುಂತಾದುವುಗಳನ್ನು ತುಂಬುವವರೂ ಇದ್ದಾರೆ. ತವಡಿನಲ್ಲಿ ಎಣ್ಣೆಯಿರುವುದರಿಂದ ಕೆಲವು ವಾರಗಳಲ್ಲಿಯೇ ಕಮಟು ವಾಸನೆ ಹುಟ್ಟಿ ಹುಳು ಬೀಳುವುದು. ಅಕ್ಕಿಯಲ್ಲಿ ನುಸಿ ಸೇರುವುದನ್ನು ಯಾರಿಗೂ ಹೇಳಬೇಕಾಗಿಲ್ಲ. ರಾಗಿಗೆ ಹುಳು ಹಿಡಿಯದೆಂಬುದು ನಿಜ. ನಮ್ಮ ಹಿರಿಯರು ಹಗೇವಿನಲ್ಲಿ ವರ್ಷಗಟ್ಟಲೆ ರಾಗಿಯನ್ನು ಇಟ್ಟು ಬರಗಾಲವನ್ನು ದಾಟಿದರು. ಆದರೆ ಇಲಿಗೆ ಅದು ಪ್ರಿಯ, ಕಾಳಿನೊಳಗೆ ತೇವವೂ ಇದ್ದೇ ಇರುವುದು. ಅದೂ ಅಲ್ಲದೆ, ಬರಗಾಲವನ್ನು ಕಂಡ ಸೀಮೆಯಲ್ಲಿ ಉಣ್ಣುವ ಧಾನ್ಯವನ್ನು ಸೂಜಿಗೆ ಹಾಸಿಗೆ ಮಾಡುವುದು ನಮಗೆ ಮನಸ್ಸಿಲ್ಲ. ಕಾಫಿಯ ಗಸಿಯನ್ನು ಒಣಗಿಸಿ ತುಂಬುವುದು ಹೊರದೇಶಗಳಲ್ಲಿ ಉಂಟು. ಪೂರ್ತಿಯಾಗಿ ಒಣಗಿದರೆ ತೊಂದರೆಯಿಲ್ಲ. ಒಂದು ಚಮಚದಷ್ಟು ಒದ್ದೆಯಾಗಿ ಉಳಿದರೂ ಇಡೀ ಮೆತ್ತೆಗೆ ಬೂಷ್ಟು ಹಿಡಿಯುವುದು.

ತಲೆ ಬಾಚುವಾಗ ಉದುರಿದ ಕೂದಲನ್ನು ಕೂಡಿಟ್ಟು ತುಂಬುವುದು ಅನೇಕ ದೇಶಗಳ ಹಳೆಯ ಪದ್ಧತಿ. ಕೂದಲಿಗೆ ಸಹಜವಾದ ಜಿಡ್ಡಿದೆ, ಸೂಜಿಗೆ ಅದು ಹಿತ. ನಮ್ಮಲ್ಲಿ ಕೂದಲಿಗೆ ತೆಂಗಿನೆಣ್ಣೆಯನ್ನು ಧಾರಾಳವಾಗಿ ಹಚ್ಚುವುದರಿಂದ ಅದು ಹಳತಾಗಿ ಅಂಟಂಟಾಗುವುದು. ಕೂದಲೆಂದರೆ ಹೇಸುವವರೂ ಬಹಳ. ಆದುದರಿಂದ ಇದನ್ನು ಒತ್ತಾಯಪಡಿಸುವುದಿಲ್ಲ.

ಈಗ ಅಂಗಡಿಗಳಲ್ಲಿ ಪಾಲಿಯೆಸ್ಟರ್ ಅರಳೆ ದೊರೆಯುವುದು. ಇದು ತೇವವನ್ನು ಬಹುಮಟ್ಟಿಗೆ ಹೀರುವುದೇ ಇಲ್ಲ, ಹುಳು ಹಿಡಿಯುವುದಿಲ್ಲ, ತೊಳೆದರೂ ಕೆಡುವುದಿಲ್ಲ. ಆದರೆ ಬಹಳ ಹಗುರ, ಬಹಳ ಪುಟಿಯುವ ಸ್ವಭಾವ. ಬಿಗಿಯಾಗಿ ತುಂಬದಿದ್ದರೆ ಸೂಜಿ ಓಲಾಡುವುದು. ಗುಂಡುಸೂಜಿಗಳಿಗೆ ಇದು ಸಾಕು. ಹಳೆಯ ಕುರ್ಚಿಯ ಮೆತ್ತೆಯಿಂದ ಕತ್ತರಿಸಿದ ಸ್ಪಂಜು ಮಾತ್ರ ಬೇಡ. ಕೆಲವು ವರ್ಷಗಳಲ್ಲಿ ಅದು ಹಳದಿಯಾಗಿ, ಅಂಟಾಗಿ, ಪುಡಿಪುಡಿಯಾಗುವುದು. ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ತುಂಬಿದರೆ ಸೂಜಿ ಹರಿತವಾಗುವುದೆಂದು ಹೇಳುವರು. ಅದಕ್ಕೇ ತುಕ್ಕು ಹಿಡಿಯುವಾಗ ಅದು ಬೇರೆಯದನ್ನು ಹೇಗೆ ಕಾಪಾಡೀತು?

ಮರಳು ಮತ್ತು ಕುರುಂದ

ಇವೆರಡಕ್ಕೂ ಮೆತ್ತೆಯಲ್ಲಿ ಸ್ಥಾನವಿದೆ, ಆದರೆ ಸರಿಯಾದ ಸ್ಥಾನವನ್ನು ಅರಿತಿರಬೇಕು. ಮರಳಿನ ಗುಣ ಭಾರ. ಹೊಸದುರ್ಗದ ಸೀಮೆಯಲ್ಲಿ ಹರಿದು, 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ಜಲಾಶಯವನ್ನು ಸೇರುವ ವೇದಾವತಿಯ ಮರಳಿನಂಥ ಹೊಳೆಯ ಮರಳಾದರೆ ಉಪ್ಪಿನ ಭಯ ಕಡಿಮೆ. ಸಮುದ್ರದ ಮರಳನ್ನು ಮುಟ್ಟಲೇಬಾರದು. ತಿಳಿನೀರು ಬರುವವರೆಗೆ ತೊಳೆದು, ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದು, ಪೂರ್ತಿಯಾಗಿ ಆರಿದ ಮೇಲೆ ಒತ್ತಾದ ನೇಯ್ಗೆಯ ಸಣ್ಣ ಚೀಲದಲ್ಲಿ ತುಂಬಿ ಬಾಯಿ ಹೊಲಿಯಬೇಕು. ಈ ಚೀಲವು ಮೆತ್ತೆಯ ತಳದಲ್ಲಿ ಇರತಕ್ಕದ್ದು. ಮರಳಿನ ಕಣ ಉಕ್ಕಿಗಿಂತ ಗಟ್ಟಿ. ಸೂಜಿಯನ್ನು ದಿನವೂ ಅದರಲ್ಲಿ ಚುಚ್ಚಿದರೆ ನಿಕ್ಕಲಿನ ಲೇಪ ಗೀಚಿ ಹೋಗುವುದು.

ಟೊಮೇಟೋ ಮೆತ್ತೆಗೆ ದಾರದಿಂದ ತೂಗುಬಿಟ್ಟ ಪುಟ್ಟ ಸ್ಟ್ರಾಬೆರಿ ಹಣ್ಣೊಂದನ್ನು ನೀವು ನೋಡಿರಬಹುದು. ಅದು ಅಲಂಕಾರಕ್ಕಾಗಿ ಹುಟ್ಟಿದುದಲ್ಲ. ಅದರೊಳಗೆ ಎಮರಿ ಎಂಬ ಕಲ್ಲಿನ ಪುಡಿಯನ್ನು ತುಂಬುವರು. ಎಮರಿಯ ಮುಖ್ಯಾಂಶ ಕುರುಂದ. ಕಾಠಿಣ್ಯದಲ್ಲಿ ವಜ್ರಕ್ಕೆ ಹತ್ತು ಅಂಕವಾದರೆ ಕುರುಂದಕ್ಕೆ ಒಂಬತ್ತು. ಇಂಗ್ಲಿಷರು ಇದನ್ನು ಕೊರಂಡಮ್ ಎನ್ನುವುದು ನಮ್ಮ ದಕ್ಷಿಣದ ಭಾಷೆಗಳಿಂದ ಹೋದ ಹೆಸರು. ಮೈಸೂರು ಸೀಮೆಯಲ್ಲಿಯೂ ಈ ಕಲ್ಲು ದೊರೆಯುತ್ತಿತ್ತು. ಮೊನೆ ಮೊಂಡಾದ ಅಥವಾ ಸ್ವಲ್ಪ ತುಕ್ಕು ತಗುಲಿದ ಸೂಜಿಯನ್ನು ಆ ಚೀಲದಲ್ಲಿ ನಾಲ್ಕಾರು ಸಲ ಚುಚ್ಚಿ ತೆಗೆದು, ಒಣ ಬಟ್ಟೆಯಿಂದ ಒರಸಬೇಕು. ಅದರಲ್ಲಿಯೇ ಸೂಜಿಯನ್ನು ಬಿಟ್ಟುಬಿಡಬಾರದು. ಸಾಣೆಕಲ್ಲಿನ ಮೇಲೆ ಕತ್ತಿಯನ್ನು ಮಸೆಯುವರೇ ಹೊರತು ಇಡೀ ದಿನ ಇಟ್ಟಿರುವರೆ?

ಹಿತ್ತಲ ಗಿಡ

ಇಷ್ಟನ್ನೂ ಪರೀಕ್ಷಿಸಿದ ಮೇಲೆಯೂ ಮಳೆಗಾಲದಲ್ಲಿ ನಂಬಿಕೆಯಿಂದ ತುಂಬಬಹುದಾದ ವಸ್ತು ನಮಗೆ ದೊರೆತಿರಲಿಲ್ಲ. ಆ ಹುಡುಗಿಯ ತಾಯಿಯನ್ನು ಕಂಡು ಕ್ಷಮೆ ಕೇಳಬೇಕೆಂಬುದೂ ಮನಸ್ಸಿನಲ್ಲಿತ್ತು. ಮುಂದಿನ ರಜೆಯಲ್ಲಿ ಹೊಸದುರ್ಗದಿಂದ ಹಾಲುರಾಮೇಶ್ವರದ ಕಡೆಗೆ ಹೋದೆವು. ಕೊಳದ ಕ್ಷೇತ್ರವೆಂದು ಆ ಊರನ್ನು ದೂರದವರೂ ಬಲ್ಲರು. ಆದರೆ ನಮಗೆ ಬೇಕಾದುದು ದೊರೆತುದು ಆ ಮನೆಯ ಹಿಂದಣ ಕುರಿಯ ದೊಡ್ಡಿಯ ಮಗ್ಗುಲಲ್ಲಿ.

ತಾಯಿ ನಮ್ಮನ್ನು ಒಳಗೆ ಕರೆದು, ಕ್ಷಮೆಯ ಮಾತನ್ನು ಪೂರ್ತಿಯಾಗಿ ಆಡಗೊಡದೆ, "ಅಮ್ಮಾರೆ, ಬಟ್ಟೆ ಹೋತು, ಹೋಗ್ಲಿ, ಹುಡುಗಿ ಓದು ನಿಲ್ಲಿಸ್ಬ್ಯಾಡ್ರಿ" ಎಂದಷ್ಟೇ ಹೇಳಿದರು. ಜಗಲಿಯ ಮೇಲೆ ಅಜ್ಜಿಯೊಬ್ಬರು ಕಂಬಳಿಯ ಪಟ್ಟಿಗಳನ್ನು ಜೋಡಿಸಿ ಹೊಲಿಯುತ್ತಿದ್ದರು. ಅವರ ಕೈಯ ದಬ್ಬಣ ಕನ್ನಡಿಯಂತೆ ಹೊಳೆಯುತ್ತಿತ್ತು. ಎಷ್ಟು ವರ್ಷದ್ದೆಂದು ಕೇಳಿದೆವು. ತಮ್ಮ ಅತ್ತೆಯ ಕಾಲದ್ದೆಂದರು. ಕೆಲಸ ಮುಗಿದೊಡನೆ ಅದನ್ನು ತೊಲೆಯಿಂದ ತೂಗುಬಿಟ್ಟಿದ್ದ ಕರಿಯ ತುಪ್ಪಟದ ಉಂಡೆಯೊಂದಕ್ಕೆ ಚುಚ್ಚಿಟ್ಟರು.

"ಅಜ್ಜಿ, ಇದನ್ನು ಹೇಗೆ ತೊಳೆಯುತ್ತೀರಿ?" ಎಂದು ಕೇಳಿದೆವು.

"ಸೋಪು, ಸೋಡ ಏನೂ ಹಾಕ್ಬ್ಯಾಡ ತಾಯಿ. ಬರೀ ನೀರಾಗೆ ಅದ್ದಿ ತೆಗಿ. ಬೆವರು ಹೋಗ್ಬೇಕು, ಜಿಡ್ಡು ಇರ್ಬೇಕು" ಎಂದರು.

ಈ ಒಂದು ಮಾತಿನಲ್ಲಿ ಇರುವ ಶಾಸ್ತ್ರವನ್ನು ನಾವು ಶಾಲೆಗೆ ಹಿಂದಿರುಗಿ ಪುಸ್ತಕಗಳನ್ನು ನೋಡಿದ ಮೇಲೆ ಅರಿತೆವು. ಕುರಿಯ ತುಪ್ಪಟದಲ್ಲಿ ಎರಡು ವಸ್ತುಗಳು ಅಂಟಿರುವುವು. ಒಂದು, ಒಣಗಿದ ಬೆವರು. ಇದರಲ್ಲಿ ಪೊಟ್ಯಾಸಿಯಂ ಲವಣಗಳಿವೆ. ಇವು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಸೂಜಿಗೆ ಶತ್ರು. ಆದರೆ ತಣ್ಣೀರಿನಲ್ಲಿಯೇ ಕರಗಿ ಹೋಗುವುವು. ಇನ್ನೊಂದು, ಲ್ಯಾನೋಲಿನ್ ಎಂದು ಔಷಧದ ಅಂಗಡಿಯವರು ಹೇಳುವ ಮೇಣದಂಥ ಜಿಡ್ಡು. ಇದು ನೀರಿನಲ್ಲಿ ಕರಗುವುದಿಲ್ಲ. ಸಾಬೂನು, ಸೋಡಾಗಳಿಂದ ಮಾತ್ರ ಬಿಡುವುದು. ಯಂತ್ರದ ಭಾಗಗಳಿಗೆ ತುಕ್ಕು ಹಿಡಿಯದಂತೆ ಸವರುವ ಲೇಪಗಳಲ್ಲಿ ಈ ಜಿಡ್ಡನ್ನು ಸೇರಿಸುವರು. ಸೂಜಿಯನ್ನು ಒಂದೊಂದು ಸಲ ಚುಚ್ಚಿ ತೆಗೆಯುವಾಗಲೂ ಅದರ ಮೈಗೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಇದು ಸವರಿಕೊಂಡು, ನೀರನ್ನು ಉಕ್ಕಿನ ಬಳಿಗೆ ಬಿಡುವುದಿಲ್ಲ. ಉಣ್ಣೆಯ ಎಳೆ ತೇವವನ್ನು ಹೀರುವುದರಲ್ಲಿ ಹತ್ತಿಗಿಂತ ಕಡಿಮೆಯೇನಲ್ಲ, ಹೆಚ್ಚೇ. ಆದರೂ ಹತ್ತಿಯಲ್ಲಿ ಕೆಡುವ ಸೂಜಿ ಉಣ್ಣೆಯಲ್ಲಿ ಉಳಿಯುವುದಕ್ಕೆ ಕಾರಣ ಈ ಜಿಡ್ಡೇ. ಬೆವರನ್ನು ಕಳೆದು ಜಿಡ್ಡನ್ನು ಉಳಿಸಬೇಕೆಂದು ಅಜ್ಜಿ ಹೇಳಿದುದು ಅಕ್ಷರಶಃ ಸರಿ.

ದಕ್ಷಿಣದ ನಮ್ಮ ಕುರಿಗಳ ತುಪ್ಪಟ ಒರಟು. ಮೆರಿನೋ ಎಂಬ ವಿಲಾಯತಿ ಜಾತಿಯ ತುಪ್ಪಟದಲ್ಲಿ ಇರುವಷ್ಟು ಜಿಡ್ಡು ಇದರಲ್ಲಿ ಇಲ್ಲ. ಇರುವುದೇ ಸ್ವಲ್ಪವಾದುದರಿಂದ ಅದನ್ನು ತೊಳೆದು ಕಳೆಯದಂತೆ ಎಚ್ಚರವಾಗಿರಬೇಕು. ಒರಟುತನದಿಂದ ಒಂದು ಲಾಭವೂ ಉಂಟು: ಎಳೆಗಳು ಪುಟಿದೆದ್ದು ಸೂಜಿಯನ್ನು ಸುತ್ತಲಿಂದಲೂ ಹಿಡಿಯುವುವು, ಹತ್ತಿಯಂತೆ ಗಂಟಾಗುವುದಿಲ್ಲ. ಹಳೆಯ ಕಂಬಳಿಯ ಚೂರುಗಳು ಮಾತ್ರ ಇದಕ್ಕೆ ಸಮವಲ್ಲ. ಕಂಬಳಿಯ ನೂಲಿಗೆ ಹುಣಸೆಬೀಜದ ಗಂಜಿಯನ್ನು ಹಾಕಿರುವರು. ಆ ಗಂಜಿ ಹುಳುಗಳನ್ನು ಕರೆಯುವುದು.

ಚಳ್ಳಕೆರೆಯ ಕಂಬಳಿಗಳಿಗೆ ಹೆಸರಾದ ಈ ಜಿಲ್ಲೆಯಲ್ಲಿ, ಕುರಿಗಳ ನಡುವೆಯೇ ಬೆಳೆದ ಹುಡುಗಿಯರಿಗೆ ನಾವು ತೆಂಗಿನ ಪುಡಿಯನ್ನು ತುಂಬಿಸಿದ್ದೆವು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮನ್ನೇ ನೋಡಿ ಹೇಳಿದಂತಿದೆ.

ಮಾಡುವ ಕ್ರಮ

ನಾಲ್ಕು ಅಂಗುಲ ಅಗಲ, ಎರಡು ಅಂಗುಲ ಎತ್ತರದ ಮೆತ್ತೆಗೆ 40ರಿಂದ 50 ಗ್ರಾಂ ತುಪ್ಪಟವೂ, ತಳಕ್ಕೆ 100 ಗ್ರಾಂ ಮರಳೂ ಸಾಕು. ತುಪ್ಪಟದಲ್ಲಿರುವ ಮುಳ್ಳು, ಕಡ್ಡಿ, ಗೊಬ್ಬರಗಳನ್ನು ಆರಿಸಿ ತೆಗೆದು, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಯಿಡಬೇಕು. ಉಜ್ಜಬಾರದು, ಹಿಂಡಬಾರದು, ಉಜ್ಜಿದರೆ ಎಳೆಗಳು ಹೆಣೆದುಕೊಂಡು ಗಟ್ಟಿಯಾಗುವುವು. ನೀರು ಕಂದು ಬಣ್ಣಕ್ಕೆ ತಿರುಗುವುದು. ಅದನ್ನು ಚೆಲ್ಲಿ, ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ ಹೀಗೆಯೇ ಮಾಡಬೇಕು. ಆಮೇಲೆ ಬಟ್ಟೆಯ ಮೇಲೆ ಹರಡಿ, ಒಳ್ಳೆಯ ಬಿಸಿಲಿನಲ್ಲಿ ಮೂರು ದಿನ ಒಣಗಿಸಬೇಕು. ಕೈಯಿಂದ ಎಳೆಎಳೆಯಾಗಿ ಬಿಡಿಸಿದಾಗ ಬೆರಳಿಗೆ ಸ್ವಲ್ಪ ಜಿಡ್ಡು ಹತ್ತಿದರೆ ಹದ ಸರಿಯಾಗಿದೆ ಎಂದರ್ಥ.

ಒಳಚೀಲವನ್ನು ಒತ್ತಾದ ನೇಯ್ಗೆಯ ಬಟ್ಟೆಯಲ್ಲಿ ಹೊಲಿಯಿರಿ. ತಳದಲ್ಲಿ ಮರಳಿನ ಚೀಲವನ್ನು ಕೂರಿಸಿ, ಮೇಲೆ ತುಪ್ಪಟವನ್ನು ಚಿಟಿಕೆ ಚಿಟಿಕೆಯಾಗಿ, ಮೂಲೆಗಳಿಂದ ಪ್ರಾರಂಭಿಸಿ, ಪೆನ್ಸಿಲಿನ ಹಿಂಬದಿಯಿಂದ ಒತ್ತುತ್ತ ತುಂಬಿರಿ. ಸಾಕೆಂದು ತೋರಿದ ಮೇಲೆಯೂ ಇನ್ನೂ ಕಾಲು ಭಾಗದಷ್ಟನ್ನು ಸೇರಿಸಿರಿ. ಹೊಸ ಮೆತ್ತೆ ಕಲ್ಲಿನಂತೆ ಬಿಗಿಯಾಗಿ ತೋರಿದರೂ ತಿಂಗಳಲ್ಲಿ ಹದವಾಗುವುದು. ಹೊರಗಣ ಹೊದಿಕೆಯನ್ನು ನಿಮ್ಮ ಮನಸ್ಸಿಗೆ ಬಂದ ಬಟ್ಟೆಯಿಂದ ಮಾಡಬಹುದು. ಕಸೂತಿಯನ್ನಾಗಲಿ, ಲಂಬಾಣಿಗರಂತೆ ಕನ್ನಡಿಯ ಬಿಲ್ಲೆಗಳನ್ನಾಗಲಿ ಸುತ್ತಣ ಅಂಚಿನಲ್ಲಿ ಇಡಿರಿ. ಸೂಜಿ ಚುಚ್ಚುವ ನಡುಭಾಗವನ್ನು ಬರಿದಾಗಿ ಬಿಡಿರಿ.

ಉಣ್ಣೆಗೆ ಶತ್ರು ನುಸಿ. ಎರಡು ತಿಂಗಳಿಗೊಮ್ಮೆ ಮೆತ್ತೆಯನ್ನು ಬಿಸಿಲಿಗೆ ಇಡುವುದೂ, ಪೆಟ್ಟಿಗೆಯಲ್ಲಿ ಒಣಗಿದ ಬೇವಿನ ಎಲೆಗಳನ್ನು ಹಾಕುವುದೂ ನಮ್ಮ ಪದ್ಧತಿ. ದಿನವೂ ಉಪಯೋಗಿಸುವ ಮೆತ್ತೆಗೆ ನುಸಿ ಬೀಳುವುದು ಅಪರೂಪ.

ಪರೀಕ್ಷೆ ಮತ್ತು ಜೋಪಾನ

ನಮ್ಮ ಮಾತನ್ನು ನಂಬಿಕೆಯಿಂದಲೇ ಒಪ್ಪಬೇಕಾಗಿಲ್ಲ. ಐದು ಪುಟ್ಟ ಚೀಲಗಳಲ್ಲಿ ನಾರಿನ ಪುಡಿ, ಮರದ ಹೊಟ್ಟು, ಹತ್ತಿ, ಬೂರುಗ, ತುಪ್ಪಟ ಇವುಗಳನ್ನು ತುಂಬಿ, ಒಂದೇ ಪೊಟ್ಟಣದ ಸೂಜಿಗಳನ್ನು ಒಂದೊಂದಾಗಿ ಚುಚ್ಚಿ, ಆಷಾಢದ ಮಳೆಯಲ್ಲಿ ಕಿಟಕಿಯ ಬಳಿ ಒಂದು ತಿಂಗಳು ಇಡಿರಿ. ಆಮೇಲೆ ಪ್ರತಿಯೊಂದನ್ನೂ ಬಿಳಿಯ ಬಟ್ಟೆಯಲ್ಲಿ ಒರಸಿ ನೋಡಿರಿ. ಏಳನೆಯ ತರಗತಿಯವರಿಂದ ನಾವು ಇದನ್ನು ವರ್ಷವರ್ಷವೂ ಮಾಡಿಸುತ್ತೇವೆ. ಪುಸ್ತಕದ ಒಂದು ಪಾಠಕ್ಕಿಂತ ಆ ಐದು ಒರಸುಗಳು ಹೆಚ್ಚು ಕಲಿಸುವುವು.

ಇನ್ನೆರಡು ಮಾತುಗಳು ಜೀವಕ್ಕೆ ಸಂಬಂಧಿಸಿದುವು. ಹೊಲಿಯುವುದಕ್ಕೆ ಕುಳಿತಾಗಲೂ ಏಳುವಾಗಲೂ ಸೂಜಿಗಳನ್ನು ಎಣಿಸಿರಿ. ನೆಲಕ್ಕೆ ಬಿದ್ದ ಸೂಜಿ ಅಂಬೆಗಾಲಿಡುವ ಮಗುವಿಗೆ ಮೊದಲು ಸಿಕ್ಕುವುದು. ಸಣ್ಣ ಸೂಜಿಗಳು ಮೆತ್ತೆಯೊಳಗೆ ಪೂರ್ತಿಯಾಗಿ ಹೂತುಹೋಗುವುದುಂಟು. ಆದುದರಿಂದ ಹಳೆಯ ಮೆತ್ತೆಯನ್ನು ಮುಷ್ಟಿಯಲ್ಲಿ ಹಿಡಿದು ಒತ್ತಕೂಡದು, ಬಿಚ್ಚುವಾಗ ಅಯಸ್ಕಾಂತವನ್ನು ಹಿಡಿದು ಹುಡುಕತಕ್ಕದ್ದು. ಮುರಿದ ಸೂಜಿಗಳನ್ನು ಕಸದಲ್ಲಿ ಎಸೆಯದೆ ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಡಿರಿ. ಬಿಳಿಯ ಬಟ್ಟೆಯ ಮೇಲೆ ತುಕ್ಕಿನ ಕಲೆ ಆಗಿಯೇ ಬಿಟ್ಟರೆ ನಿಂಬೆಯ ರಸವನ್ನೂ ಉಪ್ಪನ್ನೂ ಹಚ್ಚಿ, ಬಿಸಿಲಿನಲ್ಲಿ ಇಟ್ಟು, ಚೆನ್ನಾಗಿ ಜಾಲಿಸಿರಿ. ಬಿಳುಪು ಮಾಡುವ ಪುಡಿಯನ್ನು ಮಾತ್ರ ಹಾಕಬಾರದು; ಅದರಿಂದ ತುಕ್ಕಿನ ಕಲೆ ಇನ್ನೂ ಗಟ್ಟಿಯಾಗಿ ನಿಲ್ಲುವುದು. ಈ ಉಪಾಯವು ಆ ದಿನ ನಮಗೆ ತಿಳಿದಿದ್ದರೆ ಆ ತಾಯಿಯ ಕೆಲಸವಾದರೂ ಉಳಿಯುತ್ತಿತ್ತೋ ಏನೋ.

ಆ ಹುಡುಗಿಯು ಓದನ್ನು ನಿಲ್ಲಿಸಲಿಲ್ಲ. ಹತ್ತನೆಯ ತರಗತಿಯನ್ನು ಮುಗಿಸಿ, ಹೊಲಿಗೆಯ ತರಬೇತಿಯನ್ನೂ ಪಡೆದು, ಈಗ ತಾನೇ ನಾಲ್ಕಾರು ಹುಡುಗಿಯರಿಗೆ ಕಲಿಸುತ್ತಿದ್ದಾಳೆ. ಶಾಲೆಯನ್ನು ಬಿಡುವ ದಿನ ಆಕೆ ನಮಗೆ ಒಂದು ಮೆತ್ತೆಯನ್ನು ಕೊಟ್ಟಳು. ಅದರ ಮೇಲೆ ಹೂವಿಲ್ಲ, ಹಕ್ಕಿಯಿಲ್ಲ; ಕರಿಯ ಬಟ್ಟೆಯ ಒಳಗೆ ಆಕೆಯ ಅಜ್ಜಿ ತೊಳೆದ ತುಪ್ಪಟವಿದೆ. ಈ ಲೇಖನವನ್ನು ಬರೆಯುವಾಗ ಅದು ನಮ್ಮ ಮೇಜಿನ ಮೇಲೆಯೇ ಇತ್ತು. ಅದರಿಂದ ಒಂದು ಸೂಜಿಯನ್ನು ತೆಗೆದು ಬಿಳಿಯ ಕಾಗದದ ಮೇಲೆ ಒರಸಿ ನೋಡಿದೆವು. ಕಾಗದ ಬಿಳಿಯಾಗಿಯೇ ಉಳಿಯಿತು.